ಸಾಸಿವೆಗಿಂತ ಕಡಿಮೆ

ನೊಣ ಕೂತಿತು, ಕಿಟಕಿಯ ಬದಿಯ ತೊಟ್ಟಿಲಿನ ಕೂಸಿನ ಕೆಳತುಟಿಯ ಮೇಲೆ, ಹಾಲಿನ ಹನಿ ಒಣಗಿದ ಜಾಗದಲ್ಲೇ ಕೂತಿತು, ನಾನು ಕೈ ಎತ್ತುವ ಮೊದಲೇ ತುಟಿ ಅದುರಿತು, ನೊಣ ಎದ್ದು ಹೋಯಿತು — ಸರಿ, ಈ ಕೂಸು ಸರಿ ಇದೆ, ಇದರ ನಿದ್ದೆ ನಿದ್ದೆಯೇ, ಮುಂದಿನ ತೊಟ್ಟಿಲು ನೋಡು ಶೇವಂತಿ, ನಿನ್ನ ಕೆಲಸ ನೋಡು. ಗೋಡೆಯ ಆಚೆ ಮಗ್ಗಗಳು ಬಡಿಯುತ್ತಿವೆ, ಮಿಲ್ಲಿನ ಈ ಕೂಸಿನಮನೆಯಲ್ಲಿ ಗೋಡೆ, ತೊಟ್ಟಿಲು, ನನ್ನ ಹಲ್ಲು ಎಲ್ಲವೂ ಒಂದೇ ತಾಳಕ್ಕೆ ಅದುರುತ್ತವೆ, ಕೂಸುಗಳಿಗೆ ಅದೇ ಜೋಗುಳ, ಸದ್ದು ನಿಂತರೆ ಅಳುತ್ತವೆ. ಅಲ್ಲಿ ಚಾಳದಲ್ಲಿ, ಕೀಲಿ ಹಾಕಿದ ನನ್ನ ಖೋಲಿಯಲ್ಲಿ, ಈಗ ಯಾವ ಸದ್ದು ಇದೆ? ಅಳುತ್ತಿರಲಿ, ದೇವರೇ, ಚಾಳದವರೆಲ್ಲ ಬಾಗಿಲಿಗೆ ಬಂದು ನನ್ನ ಕುಲ ಎತ್ತಿ ಬಯ್ಯುವಷ್ಟು ಅಳುತ್ತಿರಲಿ. ಬೆಳಿಗ್ಗೆ ಅಳಬಾರದು ಅಂತ ಕೊಟ್ಟವಳು ನಾನೇ, ಈಗ ಅಳಲಿ ಅನ್ನುವವಳೂ ನಾನೇ. ಸಾಸಿವೆಗಿಂತ ಕಡಿಮೆ ಕೊಟ್ಟದ್ದು. ಸಾಸಿವೆಗಿಂತ ಕಡಿಮೆ ಅಫೀಮು, ಬೆಲ್ಲದ ನೀರಿನಲ್ಲಿ ತೇಯ್ದು, ಬೆರಳ ತುದಿಗೆ ಹಚ್ಚಿಕೊಂಡು ನಾಯಿಮರಿಯ ನಾಲಿಗೆಗೆ ಸವರಿದೆ, ಅದು ಬೆಲ್ಲ ಅಂತ ತಿಳಿದು ಬೆರಳನ್ನೇ ನೆಕ್ಕಿತು, ಬಾಲ ಅಲ್ಲಾಡಿಸಿತು, ಇನ್ನಷ್ಟು ಕೊಡು ಅಂತ ನನ್ನ ಮುಖ ನೋಡಿತು.

ಮುತ್ತ್ಯಾ ಅಂತ ಹೆಸರು, ಅಜ್ಜ ಅಂತ. ಮಿಲ್ಲಿನ ಗೇಟು ಕಾಯುವ ಮಕಬೂಲಸಾಬರು ಕೈಚೀಲದಲ್ಲಿ ಹಾಕಿಕೊಂಡು ಬಂದು ಕೊಟ್ಟಿದ್ದು, ಹಣಿ ನೋಡ್ರಿ ಅಕ್ಕಾರ, ಎಷ್ಟ ನಿರಿಗಿ ಬಿದ್ದಾವ, ಇದು ಹುಟ್ಟಿದಾಗನ ಮುತ್ತ್ಯಾ ಆಗೈತಿ, ಒಬ್ಬಾಕಿ ಇರ್ತೀರಿ, ಬಾಗಲದಾಗ ಒಬ್ಬ ಹಿರ್ಯಾ ಕುಂತಂಗ ಆಕ್ಕೈತಿ. ನಾನು ಬೇಡ ಅನ್ನಲಿಲ್ಲ. ಅನ್ನಬೇಕಿತ್ತು. ಇಡೀ ದಿನ ಕೆಲಸಕ್ಕೆ ಹೋಗುವವಳು ಮರಿ ಸಾಕಬಾರದು, ಆದರೆ ಚೀಲದಿಂದ ಮೂಗು ಹೊರಗೆ ಬಂತು, ಕಪ್ಪು, ಒದ್ದೆ, ನನ್ನ ಮಣಿಕಟ್ಟಿಗೆ ತಣ್ಣಗೆ ತಾಗಿತು. ಕಲಿಸೋಣ ಅಂದುಕೊಂಡೆ, ಕೂಸುಗಳಿಗೆ ಕಲಿಸುವುದಿಲ್ಲವೇ, ಹೊಸದಾಗಿ ಬಂದ ತಾಯಂದಿರಿಗೆ ನಾನೇ ಹೇಳುತ್ತೇನಲ್ಲ, ಕದ್ದು ಹೋಗಬ್ಯಾಡ್ರವ್ವಾ, ಹೇಳಿ ಹೋಗ್ರಿ, ನಿಮ್ಮ ಹಳೇ ಸೀರಿ ತುಂಡ ಬಾಜೂಕ ಇಟ್ಟ ಹೋಗ್ರಿ, ವಾಸನಿ ಇದ್ರ ಅವ್ವ ಇದ್ದಂಗ. ಹಾಗೆಯೇ ಮಾಡಿದೆ. ನನ್ನ ನೀಲಿ ಸೀರೆಯ ಸೆರಗು ಹರಿದು ಗೋಣಿಯ ಮೇಲೆ ಹಾಸಿದೆ, ಹೋಗಿ ಬರ್ತೀನಿ ಮುತ್ತ್ಯಾ ಅಂದೆ, ಬಾಗಿಲು ಎಳೆದುಕೊಂಡು ಕೊಡವಿಲ್ಲದೆ ನಳದ ತನಕ ಹೋಗಿ ಬಂದೆ, ಆಮೇಲೆ ಹಿಟ್ಟಿನ ಗಿರಣಿಯ ತನಕ. ಅದು ಅಳುವಾಗ ಒಳಗೆ ಹೋಗಬಾರದು, ಹೋದರೆ, ಅತ್ತರೆ ಇವಳು ಬರುತ್ತಾಳೆ ಅಂತ ಕಲಿಯುತ್ತದೆ, ಉಸಿರು ಎಳೆದುಕೊಳ್ಳಲು ಸುಮ್ಮನಾದ ಆ ಗಳಿಗೆಯಲ್ಲೇ ಬಾಗಿಲು ತೆಗೆಯಬೇಕು. ಬಾಗಿಲ ಕೆಳಗಿನ ಸಂದಿನಲ್ಲಿ ಆ ಮೂಗು, ನನ್ನ ಹೆಜ್ಜೆ ಹುಡುಕುತ್ತ ಅತ್ತ ಇತ್ತ. ಕಲಿಯುತ್ತಿತ್ತು, ಖರೇ ಕಲಿಯುತ್ತಿತ್ತು, ಇನ್ನೊಂದು ವಾರ ಕೊಟ್ಟಿದ್ದರೆ — ಆ ವಾರ ಯಾರು ಕೊಡಬೇಕಿತ್ತು?

ಬಾಜೂ ಖೋಲಿಯಲ್ಲಿ ಬಸಣ್ಣ ವಿಷಮಜ್ವರದಿಂದ ಮಲಗಿದ್ದಾನೆ, ನಡುವೆ ಒಂದೇ ಗೋಡೆ. ನಿನ್ನೆ ಸಂಜೆ ಅವನ ತಾಯಿ ಮುರಿಗೆವ್ವ ನನ್ನ ಹೊಸ್ತಿಲ ಹೊರಗೆ ನಿಂತಳು, ಒಳಗೆ ಬರಲಿಲ್ಲ, ಯಾವಾಗಲೂ ಬರುವವಳು. ಅಕ್ಕಾರ, ನೀವು ಹೋದಮ್ಯಾಲೆ ನಿಮ್ಮ ನಾಯಿ ಗ್ವಾಡಿಗೆ ಬಾಯಿ ಹಚ್ಚಿ ಅಳತೈತಿ. ಸಣ್ಣ ಮರಿ ಐತಿ ಯಮ್ಮಾ, ರೂಢಿ ಆಕ್ಕೈತಿ ಅಂದೆ. ಜಡ್ಡಿನ ಮನಿ ಬಾಜೂಕ ನಾಯಿ ಅತ್ತರ ಏನಂತ ನಿಮಗ ಗೊತ್ತಿಲ್ಲೇನು, ನೀವು ಕಲ್ತಾಕಿ, ನಿಮಗ ಸುಳ್ಳ ಅನಸಬಹುದು, ನನಗ ಇರಾಂವ ಒಬ್ಬ ಮಗಾ. ನಾಳೆ ಒಂದ ಸಲ ಅದರ ದನಿ ಕೇಳಸ್ಲಿ, ಚೀಲದಾಗ ಕಟ್ಟಿ ಗೋವಿಂದಪ್ಪನ ಚಕ್ಕಡಿಗೆ ಒಗೀತೀನಿ, ಹೆಬ್ಬಳ್ಳಿ ಹಾದ್ಯಾಗ ಎಲ್ಲೆರ ಚೆಲ್ಲಿ ಬರಲಿ. ಈ ಚಾಳದಲ್ಲಿ ನನಗೆ ಖೋಲಿ ಕೊಡಿಸಿದವಳು ಅವಳೇ, ಯಾವ ಮಂದಿ ನೀವು ಅಂತ ಉಳಿದವರೆಲ್ಲ ಕೇಳಿದಾಗ ಇವಳೊಬ್ಬಳು ಕೇಳದೆ ಒಂದು ಕೊಡ ನೀರು ತಂದು ಇಟ್ಟವಳು. ನಾಯಿ ಅತ್ತರೆ ಯಾರೂ ಸಾಯುವುದಿಲ್ಲ ಅಂತ ನನಗೆ ಗೊತ್ತು, ಸಂಜೆಯ ವರ್ಗದಲ್ಲಿ ಗುರುಗಳು ಹೇಳಿದ್ದಾರೆ, ನಾನು ಪರೀಕ್ಷೆಯಲ್ಲಿ ಬರೆದು ಪಾಸಾಗಿದ್ದೇನೆ. ಆದರೆ ಬಸಣ್ಣ ಸತ್ತೇ ಹೋದರೆ? ಅತ್ತದ್ದರಿಂದಲ್ಲ, ಜ್ವರದಿಂದಲೇ, ಆದರೆ ಅತ್ತ ದಿನವೇ ಸತ್ತರೆ?

ಕಪಾಟಿನಲ್ಲಿ ಡಬ್ಬಿ ಇದೆ, ಆ ಕಡೆ ನೋಡಬೇಡ. ತಾಯಂದಿರ ಸೆರಗಿನ ಗಂಟಿನಿಂದ ನಾನು ಕಸಿದುಕೊಂಡ ಅಫೀಮಿನ ಗುಳಿಗೆಗಳು, ಸರ್ಕಾರ ಅಂಗಡಿ ಮುಚ್ಚಿಸಿದರೂ ಎಲ್ಲಿಂದಲೋ ತರುತ್ತಾರೆ, ಕೂಸಿಗೆ ನೆಕ್ಕಿಸಿ ಮಲಗಿಸಿ ಮಗ್ಗಕ್ಕೆ ಹೋಗುತ್ತಾರೆ. ಬೆಳಿಗ್ಗೆ ಪ್ರತಿ ಕೂಸಿನ ಬಾಯಿ ಮೂಸುವುದು, ರೆಪ್ಪೆ ಬಿಡಿಸಿ ಪಾಪೆ ಸೂಜಿಯ ಮೊನೆಯಷ್ಟಾಗಿದೆಯೋ ನೋಡುವುದು ನನ್ನ ಕೆಲಸ, ಸಿಕ್ಕರೆ ಬಯ್ಯುವುದು ನನ್ನ ಕೆಲಸ, ಗುಳಿಗೆಯನ್ನು ಡಾಕ್ಟರಿಗೆ ಒಪ್ಪಿಸುವುದು ನನ್ನ ಕೆಲಸ. ನಿನ್ನೆ ಒಂದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡೆ. ಮುರಿಗೆವ್ವ ಬಂದು ಹೇಳುವ ಮೊದಲೇ ಕಟ್ಟಿಕೊಂಡಿದ್ದೆ, ಯಾಕೆ, ಮರಿ ಅತ್ತಾಗ ಅವಳು ಆಚೆಯಿಂದ ಗೋಡೆ ಬಡಿಯುವ ಸದ್ದು ಮೊನ್ನೆಯೇ ಕೇಳಿತ್ತಲ್ಲ. ರಾತ್ರಿ ಪಾಟಿ ತೆಗೆದು ತ್ರೈರಾಶಿಕ ಹಾಕಿದೆ. ಇಷ್ಟು ತೂಕದ ಕೂಸಿಗೆ ಇಷ್ಟು ಗುಳಿಗೆ ಆದರೆ ಇಷ್ಟು ತೂಕದ ಮರಿಗೆ ಎಷ್ಟು? ಕೂಸುಗಳನ್ನು ಎತ್ತಿ ಎತ್ತಿ ನನ್ನ ಕೈಗೆ ತೂಕ ಗೊತ್ತು, ಮುತ್ತ್ಯಾನನ್ನು ಎತ್ತಿ ನೋಡಿದೆ, ಬರೆದೆ, ಗುಣಿಸಿದೆ, ಭಾಗಿಸಿದೆ, ಬಂದ ಉತ್ತರಕ್ಕೆ ಹೆದರಿ ಅದನ್ನೂ ಅರ್ಧ ಮಾಡಿದೆ. ಲೆಕ್ಕ ಸರಿ ಇತ್ತು, ಎರಡು ಸಲ ತಾಳೆ ನೋಡಿದೆ. ಆದರೆ ಮೊದಲ ಅಂಕಿ, ಅಯ್ಯೋ ಮೊದಲ ಅಂಕಿ, ಅದನ್ನು ಎಲ್ಲಿಂದ ತಂದೆ? ದಿನಾ ನೆಕ್ಕಿ ನೆಕ್ಕಿ ರೂಢಿಯಾದ ಕೂಸುಗಳಿಂದ ತಂದೆ. ರೂಢಿಯಿಲ್ಲದ ಕೂಸಿಗೆ ಎಷ್ಟು ಅಂತ ಗೊತ್ತಿದ್ದದ್ದು ಒಂದೇ ಒಂದು, ಗುಡ್ಡವ್ವನ ಕೂಸು, ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ, ಪಾಟಿಯ ಮೇಲೆ ಅದರ ಕಡೆ ಕೈಯೇ ಹೋಗಲಿಲ್ಲ.

ಗುಡ್ಡವ್ವ ಆವತ್ತು ಹೊಸದಾಗಿ ಕೆಲಸಕ್ಕೆ ಸೇರಿದ್ದಳು, ಯಾರೋ ಕೊಟ್ಟ ಗುಳಿಗೆ, ಮೊದಲ ಸಲ. ಕೂಸು ಅದೇ ತೊಟ್ಟಿಲಿನಲ್ಲಿತ್ತು, ಕಿಟಕಿಯ ಬದಿ. ಎಷ್ಟು ಛಲೋ ಮಲಗಿದೆ ಅಂತ ನಾನೇ ಮೆಚ್ಚಿದೆ, ತೊಟ್ಟಿಲು ತೂಗಿದೆ. ನೊಣ ಬಂದು ತುಟಿಯ ಮೇಲೆ ಕೂತಿತು, ಮುಂಗಾಲು ಉಜ್ಜಿಕೊಂಡಿತು, ತುಟಿಯ ಅಂಚಿನ ಗುಂಟ ನಡೆಯಿತು, ಕೂಸಿನ ಬಾಯಿ ಅದುರಲಿಲ್ಲ, ನೊಣ ಒಳಗೆ ಹೋಗಿ ಹೊರಗೆ ಬಂತು. ಅಂಗಾಲು ತಟ್ಟಿದೆವು, ತಣ್ಣೀರು ಹಾಕಿದೆವು, ಡಾಕ್ಟರು ಬಂದರು, ಕೂಸು ಕಣ್ಣು ತೆಗೆಯಲೇ ಇಲ್ಲ. ಆಗ ಮಗ್ಗ ನಿಲ್ಲಿಸಿ ಬಂದ ಗುಡ್ಡವ್ವನ ಕೈಯಲ್ಲಿ ಇನ್ನೂ ನೂಲು ಸುತ್ತಿಕೊಂಡಿತ್ತು.

ಸೀಟಿ ಊದಿತು. ಹಾಲು ಕುಡಿಸುವ ಬಿಡುವು, ತಾಯಂದಿರು ಬಂದರು, ತಲೆಯ ತುಂಬ ಹತ್ತಿಯ ಎಳೆ, ಕೂಸು ಕೊಡು, ಹಿಡಿ, ನಗು. ಸಂಗವ್ವ ಎದೆಗೆ ಕೂಸನ್ನು ಹಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಾಳೆ, ಇವತ್ತ ಮುಂಜಾನೆ ಬಾಯಿ ಮೂಸಿ ನೋಡಲಿಲ್ಲಲ್ರಿ ಅಕ್ಕಾರ, ನಮ್ಮ ಮ್ಯಾಲೆ ಅಷ್ಟ ವಿಶ್ವಾಸ ಬಂತೇನು? ಮೂಸಲಿಲ್ಲವೇ? ಒಂದನ್ನೂ ಮೂಸಲಿಲ್ಲವೇ ನಾನು? ಗಡಬಡಿ ಇತ್ತವ್ವಾ ಅಂದೆ. ಒಂದಿಷ್ಟ ಬೈದು ಬಿಡ್ರಿ ಮತ್ತ, ನೀವು ಬೈದ್ರನ ನಮಗ ಹಾಲ ಇಳಿತಾವ. ಎಲ್ಲರೂ ನಕ್ಕರು, ನಾನೂ ಹಲ್ಲು ತೋರಿಸಿದೆ, ಕರವಸ್ತ್ರ ಸೊಂಟದಲ್ಲಿ ಸುಡುತ್ತಿತ್ತು. ಹೇಳಿಬಿಡಲೇ? ನಾನು ಕೊಟ್ಟಿದ್ದೇನೆ ಸಂಗವ್ವಾ, ನಿನ್ನಿಂದ ಕಸಿದದ್ದನ್ನೇ ಕೊಟ್ಟಿದ್ದೇನೆ. ನರ್ಸಬಾಯಿಯವರ ಮುಂದೆ ನಿಂತು ತಲೆ ತಿರುಗುತ್ತದೆ ಅಂದೆ, ಅವರು ನನ್ನ ಮುಖ ನೋಡಿ ಹೋಗಿ ಬಾ ಅಂದುಬಿಟ್ಟರು, ಸುಳ್ಳೂ ಆಗಿರಲಿಲ್ಲ. ಗೇಟಿನಲ್ಲಿ ಮಕಬೂಲಸಾಬರು ಎದ್ದು ನಿಂತರು, ಹೆಂಗದಾನ್ರಿ ನಮ್ಮ ಮುತ್ತ್ಯಾ? ಮಲಗ್ಯಾನ್ರಿ. ಮಲಗಲಿ ಬಿಡ್ರಿ, ಮುತ್ತ್ಯಾಗೋಳ ಕೆಲಸನ ಅದು.

ಓಡಬಾರದು, ಓಡಿದರೆ ಮಂದಿ ಕೇಳುತ್ತಾರೆ, ಬಿರಬಿರನೆ ನಡೆ. ಟಾಂಗಾ ಅಡ್ಡ ಬಂತು, ಕುದುರೆಯ ಕಣ್ಣಿನ ಅಂಚಿಗೆ ನೊಣಗಳು, ಕುದುರೆ ರೆಪ್ಪೆ ಬಡಿಯಿತು, ಎದ್ದವು, ಮತ್ತೆ ಕೂತವು, ಮತ್ತೆ ಬಡಿಯಿತು, ಎಂಥ ಭಾಗ್ಯದ ಕುದುರೆ. ಮರಿ ಎದ್ದಿರುತ್ತದೆ, ಸೀರೆ ಕಚ್ಚಿ ಹರಿದಿರುತ್ತದೆ, ಖೋಲಿಯ ತುಂಬ ಹೇಲು ಉಚ್ಚೆ ಮಾಡಿರುತ್ತದೆ, ಮಾಡಿರಲಿ, ನಾನು ಬಳಿದು ತೊಳೆಯುತ್ತೇನೆ, ಮಕಬೂಲಸಾಬರಿಗೆ ವಾಪಸು ಕೊಡುತ್ತೇನೆ, ಖೋಲಿ ಬಿಡುತ್ತೇನೆ, ಏನು ಬೇಕಾದರೂ. ಚಾಳದ ಮೂಲೆ. ಕಿವಿ ಕೊಡು. ನಳದ ನೀರು ಕೊಡಕ್ಕೆ ಬೀಳುತ್ತಿದೆ, ಯಾರದೋ ರೊಟ್ಟಿ ಬಡಿಯುವ ಸದ್ದು, ಬೇರೆ ಏನೂ ಇಲ್ಲ, ಬೇರೆ ಏನೂ ಇಲ್ಲ.

ಮುರಿಗೆವ್ವ ಕಟ್ಟೆಯ ಮೇಲೆ ಕೂತಿದ್ದಾಳೆ, ನನ್ನನ್ನು ನೋಡಿ ನಕ್ಕಳು, ಎಷ್ಟು ದಿನದ ಮೇಲೆ ನಕ್ಕಳು, ದನಿ ಇಳಿಸಿ ಹೇಳುತ್ತಾಳೆ, ಛಲೋ ಕಲಿಸೀರಿ ನೋಡ್ರಿ ಅಕ್ಕಾರ, ಮುಂಜಾನಿಂದ ಹುಂಕ್ ಅಂದಿಲ್ಲ. ನಮ್ಮ ಬಸಣ್ಣಗೂ ಬೆವರ ಬಿಟ್ಟು ಜ್ವರ ಇಳದೈತಿ, ಈಗ ಕಣ್ಣ ಮುಚ್ಯಾನ. ಸಾವಕಾಶ ತಗೀರಿ ಕೀಲಿ, ಸಪ್ಪಳ ಮಾಡಬ್ಯಾಡ್ರಿ. ಬಾಗಿಲ ಕೆಳಗಿನ ಸಂದಿನಲ್ಲಿ ಮೂಗು ಇಲ್ಲ. ಕೀಲಿಕೈ ತೂತಿಗೆ ಸಿಗುತ್ತಿಲ್ಲ, ಜಾರಿತು, ಎತ್ತಿಕೊಂಡೆ, ಮತ್ತೆ ಜಾರಿತು, ಕಿಟಕಿಯ ಸರಳಿಗೆ ಹಣೆ ಹಚ್ಚಿದೆ. ಅದೋ ಇದೆ, ನೀಲಿ ಸೆರಗಿನ ಮೇಲೆ, ಹಣೆಯ ನಿರಿಗೆ ಹಾಗೇ ಇದೆ, ಹೊಟ್ಟೆಯ ಮೇಲೆ ಸೆರಗು ಸುತ್ತಿಕೊಂಡಿದೆ, ಉಸಿರು ಕಾಣುವುದಿಲ್ಲ, ಬಟ್ಟೆ ಆಡುತ್ತಿದೆಯೋ ನನ್ನ ಕಣ್ಣು ಆಡುತ್ತಿದೆಯೋ. ಮುತ್ತ್ಯಾ. ಕೂಗಬಾರದು, ಬಸಣ್ಣ ಮಲಗಿದ್ದಾನೆ. ಮುತ್ತ್ಯಾ, ನಾನು, ಬಂದೆ ನೋಡು, ಅಳು ಒಂದು ಸಲ. ಕಪ್ಪು ಮೂಗಿನ ಮೇಲೆ ನೊಣ. ಅದುರಿಸು, ಮೂಗು ಅದುರಿಸು, ತುಸುವೇ, ಸಾಸಿವೆಗಿಂತ ಕಡಿಮೆ. ನೊಣ ಮುಂಗಾಲು ಉಜ್ಜುತ್ತದೆ, ಮೂಗಿನಿಂದ ತುಟಿಯ ಅಂಚಿಗೆ ನಡೆಯುತ್ತದೆ, ನಿಲ್ಲುತ್ತದೆ, ಮುಂಗಾಲು ಉಜ್ಜುತ್ತದೆ, ಕೂತಿದೆ — ಕೂತಿದೆ — ನೊಣ ಕೂತಿದೆ