ಹದಿನಾಲ್ಕನೇ ನಂಬರಿನ ಬಸ್ ಸ್ಟಾಪು

ಹಿತ್ತಾಳೆ ಕೊಕ್ಕರೆ ಆಕಾಶದಲ್ಲಿ ಹಾರುವಾಗ ಕೆಳಗೆ ಕಾಣುವ ಊರು ನನ್ನದು. ಕೊಕ್ಕರೆ ಅಂದರೆ ನಮ್ಮ ಕಾಮಿಕ್ಸಿನ ನಾಯಕ. ರೆಕ್ಕೆ, ಮುಖವಾಡ, ಅರಿವೆಯ ಮೇಲೂ ಎದ್ದು ಕಾಣುವ ಹೊಟ್ಟೆಯ ಸ್ನಾಯು, ಎಲ್ಲ ಇದೆ. ಅವನ ಮೈಕಟ್ಟು ಒಬ್ಬ ಬರೆಯುತ್ತಾನೆ, ಅದಕ್ಕೆ ಇಂಕು ಇನ್ನೊಬ್ಬ ಹಾಕುತ್ತಾನೆ, ಬಣ್ಣ ಮತ್ತೊಬ್ಬಳು ತುಂಬುತ್ತಾಳೆ. ಇಟ್ಟಿಗೆ, ಕಿಟಕಿ, ನೀರಿನ ಟ್ಯಾಂಕು, ದೀಪದ ಕಂಬ, ಬಾಯಿ ಬಿಟ್ಟುಕೊಂಡು ಮೇಲೆ ನೋಡುವ ಜನ, ಇಷ್ಟು ನನ್ನ ಪಾಲು. ಮೊದಲ ಪುಟದಲ್ಲಿ ಎಲ್ಲರ ಹೆಸರೂ ಅಚ್ಚಾಗುತ್ತದೆ. ಹಿನ್ನೆಲೆ ಬರೆಯುವವನ ಹೆಸರು ಹಾಕುವ ಪದ್ಧತಿ ಇಲ್ಲ. ಹನ್ನೊಂದು ವರ್ಷ ಆ ಊರನ್ನು ಇಟ್ಟಿಗೆ ಇಟ್ಟಿಗೆಯಾಗಿ ಕಟ್ಟಿದವನು ಕಾಜಿಕ್ ಎಂಬ ನಾನು ಅಂತ ಯಾವ ಓದುಗನಿಗೂ ಗೊತ್ತಿಲ್ಲ.

ಅದಕ್ಕೆ ನಾವು ಹಿನ್ನೆಲೆಯವರು ಒಂದು ಸಣ್ಣ ಸೇಡು ತೀರಿಸಿಕೊಳ್ಳುತ್ತೇವೆ. ಗುಂಪಿನಲ್ಲಿ ನಮಗೆ ಬೇಕಾದ ಮುಖಗಳನ್ನು ಸೇರಿಸುತ್ತೇವೆ. ಮನೆ ಮಾಲೀಕನನ್ನು ರಾಕ್ಷಸನ ಕಾಲ ಕೆಳಗೆ ಹಾಕಿದವರಿದ್ದಾರೆ, ಹಲ್ಲಿನ ಡಾಕ್ಟರನ್ನು ಹತ್ತನೇ ಮಹಡಿಯಿಂದ ಎಸೆದವರಿದ್ದಾರೆ. ನಾನು ಮೂವತ್ತೇಳನೇ ಸಂಚಿಕೆಯಲ್ಲಿ ನನ್ನ ಹೆಂಡತಿ ಬ್ರೋನ್ಯಾಳನ್ನು ಸೇರಿಸಿದೆ. ಬೇಕರಿಯ ಎದುರು ಹದಿನಾಲ್ಕನೇ ನಂಬರಿನ ಬಸ್ ಸ್ಟಾಪು. ಅಲ್ಲಿ ಚೌಕಳಿ ಕೋಟು ಹಾಕಿಕೊಂಡು, ಬ್ರೆಡ್ಡಿನ ಚೀಲ ಹಿಡಿದುಕೊಂಡು ಅವಳು. ಪಕ್ಕದಲ್ಲಿ ಕುಳ್ಳಗೆ, ಕನ್ನಡಕ ಹಾಕಿಕೊಂಡು ನಾನು.

ಆಮೇಲೆ ತಿಂಗಳು ತಿಂಗಳೂ ಸಂಚಿಕೆ ಬಂದ ದಿನ ಬ್ರೋನ್ಯಾ ಅದನ್ನು ಗ್ರೀನ್‌ಪಾಯಿಂಟ್ ಬಡಾವಣೆಯ ನಮ್ಮ ಅಡುಗೆಮನೆಯ ಮೇಜಿನ ಮೇಲೆ ಹರಡುತ್ತಿದ್ದಳು. ಕಥೆಯನ್ನು ಒಂದು ಸಲವೂ ಓದಿದವಳಲ್ಲ. ಕನ್ನಡಕ ಏರಿಸಿಕೊಂಡು ನೇರ ನಮ್ಮಿಬ್ಬರನ್ನು ಹುಡುಕುತ್ತಿದ್ದಳು.

“ಅಲ್ರೀ, ನನ್ನ ಮೂಗು ಇಷ್ಟ್ ದಪ್ಪಾನಾ?”

“ಇಂಕು ಹರಡಿದೆ ಕಣೇ.”

“ನಿಮ್ ಮೂಗಿನ್ ಹತ್ರ ಮಾತ್ರ ಹರಡ್ಲಿಲ್ಲ ನೋಡಿ, ಜಾಣ ಇಂಕು! ಆಮೇಲೆ ಆ ಕೊಕ್ಕರೆ ಊರೆಲ್ಲಾ ಒಡೆದ್ ಹಾಕ್ತಾನಲ್ಲ, ಒಂದ್ ದಿನಾನಾದ್ರೂ ನಮ್ ಬಸ್ ಬೇಗ ಕಳಿಸಬಾರ್ದಾ?”

ಅರವತ್ತೊಂದನೇ ಸಂಚಿಕೆ ಪ್ರೆಸ್ಸಿನಲ್ಲಿದ್ದಾಗ ಅವಳು ತೀರಿಕೊಂಡಳು. ಮೂರೇ ವಾರದ ಕಾಯಿಲೆ. ಮುಂದಿನ ಸಂಚಿಕೆಗೆ ಅವಳನ್ನು ಬರೆದು, ಪಕ್ಕದಲ್ಲಿ ನನ್ನನ್ನು ಬರೆಯಲು ಹೋದರೆ ಕೈ ಏಳಲಿಲ್ಲ. ನಾನು ಅವಳ ಪಕ್ಕ ಇಲ್ಲ, ಇದ್ದೇನೆ ಅಂತ ಬರೆದರೆ ಸುಳ್ಳಾಗುತ್ತದೆ ಅನ್ನಿಸಿತು. ಅವಳೊಬ್ಬಳನ್ನೇ ಬಿಟ್ಟೆ. ಹಾಗೇ ಆರು ವರ್ಷ, ತಿಂಗಳಿಗೊಮ್ಮೆ, ಮುಕ್ಕಾಲು ಇಂಚಿನ ಬ್ರೋನ್ಯಾ. ಅವಳನ್ನು ಬರೆಯುವ ದಿನ ಮಾತ್ರ ಬೆಳಿಗ್ಗೆ ಎದ್ದು ಗಡ್ಡ ಹೆರೆದುಕೊಳ್ಳುತ್ತಿದ್ದೆ. ಮಿಕ್ಕ ದಿನ ಯಾರು ನೋಡಬೇಕಾಗಿತ್ತು?

ಹೀಗಿರುವಾಗ ಕಥೆ ಬರೆಯಲು ಹ್ಯಾಲೊರನ್ ಎಂಬ ಹೊಸಬ ಬಂದ. ಇಪ್ಪತ್ತಾರು ವರ್ಷ, ಬೇಸಿಗೆಯಲ್ಲೂ ಕುತ್ತಿಗೆಗೆ ಸ್ಕಾರ್ಫು. ನೂರ ಮೂವತ್ತೈದನೇ ಸಂಚಿಕೆಗೆ ಅವನ ಕಥೆ ಏನೆಂದರೆ, ಕೊಕ್ಕರೆಗೆ ತಾನು ಕಾಗದದ ಮೇಲಿನ ಚಿತ್ರ ಅಂತ ಗೊತ್ತಾಗಿಬಿಡುತ್ತದೆ. ಮೂವತ್ತೆರಡು ಪುಟದ ಪುಸ್ತಕದಲ್ಲಿ ವೇದಾಂತ! ಸಂಪಾದಕ ಪಿಂಕಸ್‌ನ ಕೋಣೆಯಲ್ಲಿ ಅವನು ಎದ್ದು ನಿಂತು ಅಭಿನಯ ಮಾಡಿ ತೋರಿಸಿದ.

“ಪುಟದ ಹೊರಗಿಂದ ಒಂದು ಕೈ ಬರುತ್ತೆ. ಕೈಯಲ್ಲಿ ರಬ್ಬರು. ಬೀದಿ ಬೀದಿ ಅಳಿಸ್ಕೊಂಡ್ ಬರುತ್ತೆ. ಕೊನೇಲಿ ಬರೀ ಬಿಳೀ ಪುಟ, ಮಧ್ಯೆ ಕೊಕ್ಕರೆ ಒಬ್ನೇ. ಓದೋರ್ ಕಡೆ ತಿರುಗಿ ಕೇಳ್ತಾನೆ, ‘ಅಲ್ಲಿ ಯಾರಾದ್ರೂ ಇದ್ದೀರಾ?’ ಹೆಂಗೆ?”

“ಊರು?” ಅಂದೆ ನಾನು.

“ಯಾವ ಊರು?”

“ನಾನ್ ಬರೆದಿದ್ದು ಕಣಪ್ಪಾ.”

“ಅದು ಹೋಯ್ತು ಯಜಮಾನ್ರೇ. ಮುಂದಿನ ಸಂಚಿಕೆಯಿಂದ ಹೊಸ ಊರು, ಎಲ್ಲಾ ಗಾಜು. ಹಿನ್ನೆಲೆಗೆ ಕ್ಯಾಲಿಫೋರ್ನಿಯಾದೋರ್ನ ಗೊತ್ತು ಮಾಡಿದೀವಿ.”

ಪಿಂಕಸ್ ನನ್ನ ಮುಖ ನೋಡಲಿಲ್ಲ. ಎದೆಯುರಿಯ ಮಾತ್ರೆಯೊಂದನ್ನು ಬಾಯಿಗೆ ಹಾಕಿಕೊಂಡ. “ನಿಂಗೆ ಕುದುರೆ ಕಾಮಿಕ್ಸ್ ಕೊಡ್ತೀನಿ ಕಾಜಿಕ್. ಬೆಟ್ಟ, ಗುಡ್ಡ, ಜನಾನೇ ಇಲ್ಲ. ಆರಾಮ ಮಾರಾಯ.”

“ಮೂಲೇಲಿ ಒಂದು ಬಸ್ ಸ್ಟಾಪು ಉಳಿಸಿದ್ರೆ ಆಗಲ್ವಾ?”

“ಖಾಲಿ ಅಂದ್ರೆ ಖಾಲಿ,” ಅಂದ ಹ್ಯಾಲೊರನ್. “ಆ ಹಿಂದಿನ ಜನ ಯಾರಿಗ್ ಬೇಕ್ರೀ? ಕಥೇನೇ ಅದು. ತನ್ನ ಹಿಂದೆ ಇರೋರೆಲ್ಲಾ ಬರೀ ಭರ್ತಿಗೆ ಅಂತ ಕೊಕ್ಕರೆಗೆ ಗೊತ್ತಾಗೋದು.”

ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ. ಅದರಲ್ಲೂ ಇಲ್ಲಿ ಕುಂಬಾರನ ಕೈಗೇ ದೊಣ್ಣೆ ಕೊಟ್ಟಿದ್ದರು. ಎರಡು ವಾರ ಕೂತು ನನ್ನ ಊರನ್ನು ನಾನೇ ಅಳಿಸಿದೆ. ಬಂದರು ಹೋಯಿತು, ಗಡಿಯಾರದ ಗೋಪುರ ಹೋಯಿತು, ಬೇಕರಿ ಅರ್ಧ ಹೋಯಿತು. ಬೇಕರಿಯ ಎದುರಿನ ಸ್ಟಾಪಿನಲ್ಲಿ ಬ್ರೋನ್ಯಾಳ ಚೀಲ ಅಳಿದು ಕೈ ಉಳಿಯುವಂತೆ ಬರೆಯಬೇಕಾಗಿತ್ತು. ಬರೆದೆ. ಎದ್ದು ಬಚ್ಚಲಿಗೆ ಹೋಗಿ, ಮನೆಯಲ್ಲಿ ಯಾರೂ ಇಲ್ಲದಿದ್ದರೂ ನಲ್ಲಿ ಬಿಟ್ಟುಕೊಂಡು ಅತ್ತೆ.

ಕೊನೆಗೆ ಬಿಳಿ ಪುಟ ಬಂತು. ನಟ್ಟನಡುವೆ ಕೊಕ್ಕರೆ, ಸುತ್ತ ಏನೂ ಇಲ್ಲ. ನನಗೆ ಅದರಲ್ಲಿ ಕೆಲಸವೇ ಇರಲಿಲ್ಲ, ಆದರೂ ಪದ್ಧತಿಯ ಪ್ರಕಾರ ನನ್ನ ಮೇಜಿಗೆ ಬಂದಿತ್ತು. ನಮ್ಮಲ್ಲಿ ಮೊದಲ ಗೀಚಾಟಕ್ಕೆ ತಿಳಿನೀಲಿ ಪೆನ್ಸಿಲ್ ಬಳಸುತ್ತೇವೆ. ಆ ನೀಲಿ ಪ್ರೆಸ್ಸಿನ ಕ್ಯಾಮೆರಾದ ಕಣ್ಣಿಗೆ ಬೀಳುವುದಿಲ್ಲ. ಬಿಳಿಯ ಹಾಗೇ ದಾಟಿ ಹೋಗುತ್ತದೆ. ಆ ಪೆನ್ಸಿಲಿನಲ್ಲಿ ಕೊಕ್ಕರೆಯ ಹಿಂದೆ ಬ್ರೋನ್ಯಾಳನ್ನು ಬರೆದೆ. ಯಾರಿಗೂ ಕಾಣಬಾರದು, ನನಗೆ ಗೊತ್ತಿದ್ದರೆ ಸಾಕು ಅಂತ. ಮಧ್ಯಾಹ್ನವೆಲ್ಲ ಅದೇ ಗೆರೆಗಳ ಮೇಲೆ ಮತ್ತೆ ಮತ್ತೆ ತಿದ್ದಿದೆ. ಕೋಟಿನ ಒಂದೊಂದು ಚೌಕವನ್ನೂ ಹಾಕಿದೆ. ಕಳಿಸಿಕೊಡಲು ಬಂದವನು ಬಾಗಿಲಲ್ಲೇ ಮಾತು ಬೆಳೆಸಿದ ಹಾಗೆ.

ಒತ್ತಿ ಬರೆದರೆ ನೀಲಿಯೂ ಕ್ಯಾಮೆರಾಕ್ಕೆ ಸಿಕ್ಕಿಬೀಳುತ್ತದೆ. ಕೆಲಸಕ್ಕೆ ಸೇರಿದ ಮೊದಲ ವಾರ ಕಲಿಸುವ ಪಾಠ ಇದು. ಸಂಚಿಕೆ ಅಂಗಡಿಗೆ ಬಂದಾಗ ನೋಡುತ್ತೇನೆ, ಎಲ್ಲ ಅಳಿದುಹೋದ ಲೋಕದಲ್ಲಿ ಕೊಕ್ಕರೆ “ಅಲ್ಲಿ ಯಾರಾದರೂ ಇದ್ದೀರಾ?” ಅಂತ ಕೂಗುತ್ತಿದ್ದಾನೆ, ಅವನ ಬೆನ್ನ ಹಿಂದೆ ಮಂಜಿನಷ್ಟು ತೆಳ್ಳಗೆ ಬ್ರೋನ್ಯಾ ಬ್ರೆಡ್ಡಿನ ಚೀಲ ಹಿಡಿದು ನಿಂತಿದ್ದಾಳೆ.

ಹ್ಯಾಲೊರನ್ ಫೋನಿನಲ್ಲಿ ಬಾಯಿಗೆ ಬಂದದ್ದನ್ನೆಲ್ಲ ಅಂದ. ಎರಡು ವಾರ ಕಳೆದ ಮೇಲೆ ಓದುಗರ ಕಾಗದಗಳು ಬಂದವು, ಮೂಟೆಗಟ್ಟಲೆ. ನಮ್ಮ ಓದುಗರಿಗೆ ಒಂದು ಚಟ. ಮೊದಲು ತಪ್ಪು ಹುಡುಕುತ್ತಾರೆ, ಆಮೇಲೆ ಅದು ತಪ್ಪೇ ಅಲ್ಲ ಅಂತ ತಾವೇ ವಾದ ಮಾಡಿ ಗೆಲ್ಲುತ್ತಾರೆ. ಆಕೆ ದೇವರು ಅಂದ ಒಬ್ಬ. ಕೊಕ್ಕರೆಯ ಕಳೆದುಹೋದ ತಾಯಿ ಅಂದ ಇನ್ನೊಬ್ಬ. ರಬ್ಬರು ಹಿಡಿದದ್ದು ಅವಳದೇ ಕೈ ಅಂತ ಹತ್ತು ಪುಟ ಬರೆದವನೂ ಇದ್ದ. ಹ್ಯಾಲೊರನ್ ರಾಗ ಬದಲಿಸಿದ. ಇದೆಲ್ಲ ತಾನು ಮೊದಲೇ ಯೋಚಿಸಿಟ್ಟದ್ದು ಅಂತ ಊರೆಲ್ಲ ಹೇಳಿಕೊಂಡು ತಿರುಗಿದ, ಒಂದು ದಿನ ನನ್ನನ್ನು ಪಿಂಕಸ್‌ನ ಕೋಣೆಗೆ ಕರೆಸಿದ.

“ನೂರ ನಲವತ್ತಕ್ಕೆ ಆಯಮ್ಮನ್ನ ವಾಪಸ್ ತರ್ತಿದೀವಿ. ರಬ್ಬರ್ ರಾಣಿ! ಲೋಕಗಳನ್ನ ಅಳಿಸೋ ಮಾಯಗಾತಿ. ಕಪ್ಪು ನಿಲುವಂಗಿ, ಕೈಲಿ ಕೊಡಲಿ. ಮುಖ ನಿಮಗೊಬ್ರಿಗೇ ಗೊತ್ತು. ಮುಂದಿಂದ, ಪಕ್ಕದಿಂದ, ದೊಡ್ಡದಾಗಿ ಬರ್ಕೊಡಿ ಯಜಮಾನ್ರೇ, ಹೊಸಬರು ನಕಲು ಮಾಡ್ಕೋತಾರೆ.”

ಬ್ರೋನ್ಯಾ ಜಿರಳೆಯನ್ನೂ ಪೊರಕೆಯಲ್ಲಿ ಹೊರಗೆ ದಾಟಿಸುತ್ತಿದ್ದವಳು. ಅವಳ ಮುಖ ಕೊಟ್ಟರೆ ಕೊಡಲಿ ಹಿಡಿಸುತ್ತಾರೆ. ಕೊಡದಿದ್ದರೆ ಕುದುರೆಯ ಕಾಲ ಕೆಳಗಿನ ಹುಲ್ಲು ಬರೆದುಕೊಂಡು ಸಾಯುತ್ತೇನೆ, ಅವಳನ್ನು ಮತ್ತೆ ಬರೆಯಲು ನನಗೆ ಜಾಗವೇ ಇರುವುದಿಲ್ಲ.

ಪಿಂಕಸ್ ಮೇಜಿನ ಖಾನೆಯಿಂದ ಒಂದು ಲಕೋಟೆ ತೆಗೆದು ನನ್ನತ್ತ ಸರಿಸಿದ. “ಮೊದ್ಲು ಇದನ್ನೋದು. ನಿಂಗೆ ಬಂದಿದ್ದು.”

“ನಂಗಾ? ನಂಗ್ಯಾರು ಬರೀತಾರೆ?”

“ಮೇಲೆ ನೋಡಯ್ಯಾ.”

ಲಕೋಟೆಯ ಮೇಲೆ ‘ಬಸ್ ಸ್ಟಾಪು ಬರೆಯುವವರಿಗೆ’ ಅಂತಿತ್ತು. ಒಳಗಿನ ಕಾಗದ ಹೀಗಿತ್ತು:

“ನಾನು ಡುಲುತ್‌ನಲ್ಲಿ ಸಿಟಿ ಬಸ್ಸು ಓಡಿಸುತ್ತೇನೆ. ಕೊನೆಯ ಸ್ಟಾಪಿನಲ್ಲಿ ಹನ್ನೆರಡು ನಿಮಿಷ ನಿಲ್ಲಿಸಬೇಕು, ಆಗ ನಿಮ್ಮ ಕೊಕ್ಕರೆಯನ್ನು ಓದುತ್ತೇನೆ. ಆ ಹೆಂಗಸು ದೇವರೂ ಅಲ್ಲ, ದೆವ್ವವೂ ಅಲ್ಲ. ಮೂವತ್ತೇಳನೇ ಸಂಚಿಕೆಯಿಂದ ಆ ಸ್ಟಾಪಿನಲ್ಲಿದ್ದಾಳೆ. ಮೊದಲು ಪಕ್ಕದಲ್ಲಿ ಕನ್ನಡಕದ ಕುಳ್ಳನೊಬ್ಬ ಇರುತ್ತಿದ್ದ. ಅರವತ್ತೊಂದರ ನಂತರ ಅವನಿಲ್ಲ. ಅಲ್ಲಿಂದೀಚೆ ಎಷ್ಟೋ ಬಸ್ಸು ಬಂದು ಬಾಗಿಲು ತೆರೆದಿವೆ, ನೀವೇ ಬರೆದಿದ್ದೀರಿ. ಅವಳು ಹತ್ತುವುದಿಲ್ಲ. ಇಪ್ಪತ್ತು ವರ್ಷ ಸ್ಟಾಪುಗಳನ್ನು ನೋಡಿದ್ದೇನೆ, ಹೇಳುತ್ತೇನೆ ಕೇಳಿ. ಬಸ್ಸು ಬಂದರೂ ಹತ್ತದವರು ಯಾರೋ ಇಳಿಯಲಿ ಅಂತ ಕಾಯುವವರು. ಮಳೆಯಲ್ಲೂ ನಿಂತಿದ್ದಾಳೆ, ಪಾಪ. ಆ ಮನುಷ್ಯ ಯಾಕೆ ಬರುತ್ತಿಲ್ಲ? ಸತ್ತುಹೋದನೇ? ಇಂತಿ, ಐಲಿ ಕೊಸ್ಕಿ.”

ಎರಡು ಸಲ ಓದಿದೆ. ಆರು ವರ್ಷ ನಾನು ಅವಳನ್ನು ಉಳಿಸಿಕೊಂಡಿದ್ದೇನೆ ಅಂದುಕೊಂಡಿದ್ದೆ. ನನ್ನನ್ನು ಒಂಟಿ ಮಾಡಿ ಹೋದಳು ಅಂತ ಅವಳ ಮೇಲೆ ಒಳಗೊಳಗೇ ಮುನಿಸೂ ಇತ್ತು. ಆದರೆ ಆ ಊರಿನಲ್ಲಿ ಬಿಟ್ಟುಹೋದವನು ನಾನು. ಮಳೆ, ಹಿಮ, ರಾಕ್ಷಸರ ಬೆಂಕಿ, ಎಲ್ಲದರ ನಡುವೆ ಅವಳನ್ನು ಒಬ್ಬಳೇ ನಿಲ್ಲಿಸಿ, ನನ್ನ ದುಃಖದ ಮರ್ಯಾದೆ ಕಾಯ್ದುಕೊಂಡು ಮನೆಯಲ್ಲಿ ಕೂತಿದ್ದೆ. ನಾಚಿಕೆಯಾಯಿತು.

“ಯಾರಯ್ಯಾ ಆಕೆ?” ಪಿಂಕಸ್ ಮೆಲ್ಲಗೆ ಕೇಳಿದ.

“ನನ್ನ ಹೆಂಡ್ತಿ. ಬ್ರೋನ್ಯಾ.”

ಹ್ಯಾಲೊರನ್ ಕುತ್ತಿಗೆಯ ಸ್ಕಾರ್ಫು ಬಿಚ್ಚಿ ಕೈಗೆ ಸುತ್ತಿಕೊಂಡ.

“ಕೊಡಲಿ ಬೇಡ,” ಅಂದ ಪಿಂಕಸ್. “ನೂರ ನಲವತ್ತರ ಕೊನೇ ಪುಟ ಕಾಜಿಕ್‌ಗೆ. ಕೊಕ್ಕರೆ ಬೇಡ, ಯಾರೂ ಬೇಡ. ಅವನಿಷ್ಟ.”

ಹೊರಗೆ ಬರುವಾಗ ಹ್ಯಾಲೊರನ್ ಹಿಂದೆಯೇ ಬಂದ. “ಸರ್, ಅವರ ಬಾಯಿಗೆ ಒಂದ್ ಮಾತಾದ್ರೂ ಬರೀಲಾ? ಚೆನ್ನಾಗಿ ಬರೀತೀನಿ.”

“ಬೇಡ ಕಣಪ್ಪಾ. ಅವಳ ಮಾತು ನಿಂಗೆ ಬರೆಯಕ್ಕಾಗಲ್ಲ.”

ಮರುದಿನ ಗಡ್ಡ ಹೆರೆದುಕೊಂಡು ಅಡುಗೆಮನೆಯ ಮೇಜಿಗೆ ಕೂತೆ. ಪುಟವನ್ನು ಎರಡೇ ಚೌಕ ಮಾಡಿದೆ. ಮೇಲಿನದರಲ್ಲಿ ಬೇಕರಿಯನ್ನು ಮತ್ತೆ ಕಟ್ಟಿದೆ, ಕಿಟಕಿಯಲ್ಲಿ ಗಸಗಸೆ ಬ್ರೆಡ್ಡು ಸಮೇತ. ಹದಿನಾಲ್ಕನೇ ನಂಬರಿನ ಬಸ್ಸು ಬಂದು ನಿಂತಿದೆ, ಬಾಗಿಲು ತೆರೆದಿದೆ. ಕನ್ನಡಕದ ಕುಳ್ಳ ಇಳಿಯುತ್ತಿದ್ದಾನೆ. ತಲೆಗೂದಲು ಹೋಗಿದೆ, ಬೆನ್ನು ಬಾಗಿದೆ, ಅದನ್ನು ಮುಚ್ಚಿಡಲಿಲ್ಲ. ಬ್ರೋನ್ಯಾ ಬ್ರೆಡ್ಡಿನ ಚೀಲವನ್ನು ಅವನ ಕೈಗೆ ಕೊಡುತ್ತಿದ್ದಾಳೆ. ಮೂಗು ಈ ಸಲ ಸರಿಯಾಗಿ ಬಂತು.

ಕೆಳಗಿನ ಚೌಕದಲ್ಲಿ ಅದೇ ಸ್ಟಾಪು, ಅದೇ ಕಂಬ, ಖಾಲಿ ಕಾಲುದಾರಿ. ಅವರಿಬ್ಬರೂ ಮನೆಗೆ ಹೋಗಿದ್ದಾರೆ. ಒಂದು ಗೆರೆಯೂ ಬಾಕಿ ಇರಲಿಲ್ಲ, ಆದರೂ ಬಹಳ ಹೊತ್ತು ಅದನ್ನೇ ನೋಡುತ್ತಾ ಕೂತೆ. ಅವಳ ಜೊತೆ ಹೋದವನು ತಿರುಗಿಯೂ ನೋಡಿರಲಿಲ್ಲ. ನಾನೇ ಬರೆದ ಕುಳ್ಳನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಅವನಿಗೆ ಬ್ರೋನ್ಯಾ ಸಿಕ್ಕಿದಳು. ನನಗೆ ಈ ಅಡುಗೆಮನೆ ಉಳಿಯಿತು.

ಕುಂಚ ತೊಳೆದಿಟ್ಟು, ಒಂದು ಕಾರ್ಡು ತೆಗೆದುಕೊಂಡು ಡುಲುತ್‌ಗೆ ಬರೆದೆ:

“ಕೊಸ್ಕಿಯವರಿಗೆ ನಮಸ್ಕಾರ. ಇಳಿಯಬೇಕಾದವನು ಇಳಿದ, ತಡವಾಗಿ. ಸ್ಟಾಪಿನಲ್ಲಿ ಈಗ ಯಾರೂ ಇಲ್ಲ. ಇನ್ನು ನೀವು ನಿಲ್ಲಿಸದೆ ಹೋಗಬಹುದು.”