ಟೇಪು ಓಡುತ್ತಿದ್ದಾಗ

ಜೈಲಿನ ಊಟದ ಮನೆಯಲ್ಲಿ ಬೆಳಿಗ್ಗೆ ಶುರುವಾದ ಗಲಾಟೆ ಬಿಸಿಲೇರುವಷ್ಟರಲ್ಲಿ ಕಚೇರಿಗೆ ನುಗ್ಗಿತ್ತು. ಕೈದಿಗಳು ಮೊದಲು ಕಡತಗಳನ್ನು ಅಂಗಳಕ್ಕೆಸೆದು ಬೆಂಕಿ ಹಚ್ಚಿದರು. ಆಮೇಲೆ ಕಂಪ್ಯೂಟರ್ ಕೋಣೆಗೆ ಬಂದು, ಇಡೀ ಜೈಲಿನ ದಾಖಲೆ ಹೊತ್ತಿದ್ದ ಯೂನಿಕ್ಸ್ ಸರ್ವರಿನಿಂದ ಡಿಸ್ಕುಗಳನ್ನು ಎಳೆದು ನೆಲಕ್ಕೆ ಹಾಕಿ, ಮಂಚದಿಂದ ಕಿತ್ತ ಕಬ್ಬಿಣದ ಕಾಲಿನಿಂದ ಜಜ್ಜಿದರು. ಅಡ್ಡ ಬಂದ ಮುದಿ ವಾರ್ಡರನ ತಲೆಗೂ ಅದರಿಂದಲೇ ಬಿತ್ತು.

ಮುಂದಾಳು ಒಬ್ಬ ಜೀವಾವಧಿ ಕೈದಿ. ಎಲ್ಲರೂ ಅವನನ್ನು ದೊಡ್ಡಪ್ಪ ಎನ್ನುತ್ತಿದ್ದರು. ಅವನು ಯಾರಿಗೂ ದೊಡ್ಡಪ್ಪನಾಗಿರಲಿಲ್ಲ. "ದಾಖಲೆನೇ ಇಲ್ಲ ಅಂದ್ಮೇಲೆ ಶಿಕ್ಷೆ ಎಲ್ಲಿಂದ ಬಂತ್ರೋ?" ಎಂದು ಕೂಗುತ್ತ ಗುಂಪನ್ನು ಉಗ್ರಾಣದ ಕಡೆ ನಡೆಸಿಕೊಂಡು ಹೋದ.

ಸರ್ವರ್ ನೋಡಿಕೊಳ್ಳುತ್ತಿದ್ದ ಆಪರೇಟರ್ ಮೇಜಿನಡಿಯಿಂದ ತೆವಳಿ ಹೊರಬಂದಳು. ಬಿದ್ದಿದ್ದ ವಾರ್ಡರ್ ಅವಳ ಸೋದರಮಾವ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿದವನೂ ಅವನೇ, ಈ ಕೆಲಸ ಕೊಡಿಸಿದವನೂ ಅವನೇ.

"ಮಾಮಾ, ಕೇಳಿಸ್ತಿದ್ಯಾ?"

"ತಲೆ ಒಡೆದಿದೆ ಪುಟ್ಟೀ, ಕಿವಿ ಒಡೆದಿಲ್ಲ."

ಅಷ್ಟರಲ್ಲಿ ಒಬ್ಬ ಕೈದಿ ಒಳಗೆ ನುಸುಳಿ ಬಾಗಿಲಿಗೆ ಚಿಲಕ ಹಾಕಿದ. ಜೈಲಿನ ಮರಗೆಲಸದ ಶೆಡ್ಡಿನವನು, ಉಳಿ ಎಂದೇ ಹೆಸರಾದವನು. ಕೈಯಲ್ಲೂ ಉಳಿಯಿತ್ತು, ಸೊಂಟದಲ್ಲಿ ಕೊಡತಿ. ಅವಳು ಮಾವನ ಮೇಲೆ ಬಾಗಿ ಅಡ್ಡ ಕೂತಳು.

"ಅಕ್ಕಾ, ಹೆದರ್ಬೇಡಿ. ನಾಳಿದ್ದು ನನ್ನ ಬಿಡುಗಡೆ. ಕಾಗದ ಬೂದಿ ಆಯ್ತು, ಪೆಟ್ಟಿಗೆ ಪುಡಿ ಆಯ್ತು. ಇನ್ನು ನನ್ನನ್ನ ಯಾರು ಬಿಡ್ತಾರೆ?"

"ಕೋರ್ಟಲ್ಲಿ ಪ್ರತಿ ಇರತ್ತೆ."

"ಅದೇ ಕೋರ್ಟಲ್ಲಿ ನನ್ನ ಫೈಲ್ ಕಳೆದು, ಶಿಕ್ಷೆ ಆಗೋಕ್ ಮುಂಚೆ ವಿಚಾರಣೆನೇ ಇಲ್ದೆ ಎರಡು ವರ್ಷ ಕೊಳೆತಿದೀನಿ. ಇನ್ನೊಂದ್ಸಲ ನನ್ನ ಕೈಲಾಗಲ್ಲ. ನೀವು ಟೇಪು ಹಾಕೋದನ್ನ ಈ ಕಿಟಕಿ ರಿಪೇರಿ ಮಾಡ್ತಾ ನೋಡಿದೀನಿ. ಅವರು ಬೀರು ಒಡೆಯೋ ಮೊದ್ಲೇ ಅದರಿಂದ ಪೆಟ್ಟಿಗೆ ಎಬ್ಬಿಸಿ."

ಅವನು ಹೇಳಿದ್ದು ನಿಜ. ವಾರಕ್ಕೊಮ್ಮೆ ಅವಳು ಇಡೀ ಸಿಸ್ಟಮ್ಮನ್ನು ಒಂದು ಟೇಪಿಗೆ ಇಳಿಸಿ ಉಕ್ಕಿನ ಬೀರುವಿನಲ್ಲಿ ಇಡುತ್ತಿದ್ದಳು. ಡಿಸ್ಕು ಸತ್ತರೂ ಯಂತ್ರ ಆ ಟೇಪಿನಿಂದಲೇ ಎದ್ದು, ಹೊಸ ಡಿಸ್ಕಿನ ಮೇಲೆ ಎಲ್ಲವನ್ನೂ ಮತ್ತೆ ಕಟ್ಟಿಕೊಳ್ಳಬಲ್ಲದು. ಬೀರುವಿನ ಕೀ ಮಾವನ ಜೇಬಿನಲ್ಲಿತ್ತು.

"ಕೊಡ್ಬೇಡ," ಎಂದ ಮಾವ. "ಉಳಿದಿರೋದು ಅದೊಂದೇ. ಹೊರಗೆ ತೆಗೆದ್ರೆ ಅದನ್ನೂ ಸುಡ್ತಾರೆ."

ಉಳಿ ಕೈಯಲ್ಲಿದ್ದ ಉಳಿಯನ್ನು ಸೊಂಟಕ್ಕೆ ಸಿಕ್ಕಿಸಿದ. ತನ್ನ ಅಂಗಿ ಹರಿದು ಮುದುಕನ ತಲೆಗೆ ಬಿಗಿಯಾಗಿ ಕಟ್ಟಿದ. ಗಂಟು ಹಾಕಿದ ಮೇಲೆ ನೆತ್ತರು ನಿಂತಿದೆಯೇ ಎಂದು ಅಂಗೈಯಿಂದ ಒತ್ತಿ ನೋಡಿದ. ಅವಳು ಆ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮಾವನ ಜೇಬಿಗೆ ತಾನೇ ಕೈ ಹಾಕಿದಳು.

ಬೀರುವಿನಲ್ಲಿ ಹೊಸ ಡಿಸ್ಕೊಂದು ಇತ್ತು. ಅದನ್ನು ಖಾಲಿ ಜಾಗಕ್ಕೆ ತಳ್ಳಿ, ಟೇಪನ್ನು ಡ್ರೈವಿಗೆ ಹಾಕಿ, ಸ್ವಿಚ್ ಒತ್ತಿದಳು. ಯಂತ್ರ ಡಿಸ್ಕಿನ ಕಡೆ ಹೋಗುವ ಮೊದಲೇ ತಡೆದು ಟೇಪಿನ ಕಡೆ ತಿರುಗಿಸಿದಳು. ಡಿಸ್ಕಿನಲ್ಲಿರುವುದೆಲ್ಲ ಅಳಿಸಿಹೋಗುತ್ತದೆ, ಒಪ್ಪಿಗೆಯೇ ಎಂದು ಪರದೆ ಕೇಳಿತು.

"ಅಳಿಸೋಕೆ ಏನಿದೆ, ಮಣ್ಣು!" ಎಂದು ಹೌದು ಒತ್ತಿದಳು. ಟೇಪು ಗುರುಗುಡುತ್ತ ಓಡಿತು. ಶೇಕಡಾ ಅಂಕೆ ಆಮೆಯ ಹಾಗೆ ತೆವಳಿತು.

ಅರ್ಧ ದಾಟಿರಬೇಕು, ಬಾಗಿಲ ಹೊರಗೆ ದೊಡ್ಡಪ್ಪನ ದನಿ ಕೇಳಿಸಿತು. "ಲೋ ಉಳಿ, ಒಳಗೇನೋ ಗುರುಗುಡ್ತಿದೆ?"

"ಮುದುಕ ಗೊರಕೆ ಹೊಡೀತಿದಾನೆ."

"ಗೊರಕೆಗೆ ಹಸಿರು ದೀಪ ಮಿನುಗುತ್ತೇನೋ?"

ಬಾಗಿಲ ಮೇಲಿನ ಗಾಜಿನಲ್ಲಿ ಅವನ ಕಣ್ಣು ಕಾಣಿಸಿತು. ಮರುಕ್ಷಣ ಗಾಜು ಚೂರಾಯಿತು.

"ನಿನಗೇನು ನಷ್ಟ ದೊಡ್ಡಪ್ಪಾ? ನನ್ನ ಪಾಡಿಗೆ ನನ್ನ ಬಿಡು."

"ನಿನ್ನ ಹೊರಗೆ ಬಿಡೋ ಕಾಗದ ಎದ್ರೆ, ನನ್ನ ಇಲ್ಲೇ ಸಾಯ್ಸೋ ಕಾಗದಾನೂ ಏಳತ್ತೆ ಕಣೋ!"

ಕಬ್ಬಿಣದ ಕಾಲು ಬಾಗಿಲಿಗೆ ಬಡಿಯತೊಡಗಿತು. ಹಲಗೆ ಸೀಳಿ, ಒಂದು ತೋಳು ಚಿಲಕ ಹುಡುಕುತ್ತ ಒಳಗೆ ಬಂತು. ಉಳಿ ಕೊಡತಿಯಿಂದ ಒಂದೇ ಏಟು ಹೊಡೆದ. ಮೂಳೆ ಲಟಕ್ಕೆಂದಿತು, ತೋಳಿನವನು ಅರಚುತ್ತ ಹಿಂದೆ ಬಿದ್ದ. ದೊಡ್ಡಪ್ಪ ಮೈಯೆಲ್ಲ ಭಾರ ಹಾಕಿ ನುಗ್ಗಿದ. ಬಾಗಿಲು ಕೀಲು ಸಮೇತ ಬಂತು. ಇಬ್ಬರೂ ತಬ್ಬಿಕೊಂಡು ಉರುಳಿದರು. ದೊಡ್ಡಪ್ಪ ಉಳಿಯ ಕೆನ್ನೆಯನ್ನು ಕಚ್ಚಿ ಹರಿದ, ಗಂಟಲು ಅಮುಕಿದ. ಅಮುಕುತ್ತಲೇ ಇನ್ನೊಂದು ಕೈಯನ್ನು ಸರ್ವರಿನ ವಿದ್ಯುತ್ ತಂತಿಯ ಕಡೆ ಚಾಚಿದ.

ಅವಳು ಆ ಕೈಯನ್ನು ತುಳಿದಳು. ಅವನು ಬಿಡಲಿಲ್ಲ. ಹಿಮ್ಮಡಿಯಿಂದ ಮತ್ತೆ ಮತ್ತೆ ತುಳಿದಳು, ಬೆರಳುಗಳು ಒಂದೊಂದಾಗಿ ಮುರಿಯುವವರೆಗೆ. ತಾನು ಕಿರುಚುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯಲೇ ಇಲ್ಲ. ಹಿಡಿತ ಸಡಿಲವಾದದ್ದೇ ತಡ, ಉಳಿ ಅವನ ಕತ್ತಿಗೆ ಉಳಿ ಇಳಿಸಿದ. ಕಿತ್ತು ಮತ್ತೆ ಇಳಿಸಿದ. ದೊಡ್ಡಪ್ಪನ ಕಾಲು ನಿಂತ ಮೇಲೆ ಮತ್ತೊಮ್ಮೆ.

ಬಾಗಿಲಲ್ಲಿದ್ದವರು ನೆತ್ತರು ನೋಡಿ ಕಾಲಿಗೆ ಬುದ್ಧಿ ಹೇಳಿದರು. ಕೋಣೆಯಲ್ಲಿ ಟೇಪಿನ ಸದ್ದೊಂದೇ ಉಳಿಯಿತು. ಅದೂ ನಿಂತು, ಯಂತ್ರ ತಾನಾಗಿ ಆರಿ ಹೊತ್ತಿ, ಕೊನೆಗೆ ಹೆಸರು ಕೇಳಿತು. ಕೈ ಒರೆಸಿಕೊಂಡು ತನ್ನ ಹೆಸರು, ಗುಪ್ತಪದ ಒತ್ತಿ ಅವಳು ಉಳಿಯ ದಾಖಲೆ ತೆಗೆದಳು.

"ಇದೆಯಾ?"

"ಇದೆ. ನಾಳಿದ್ದು."

ಅವನು ಗೋಡೆಗೊರಗಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಪೊಲೀಸರು ಬಂದಾಗಲೂ ಅಳುತ್ತಿದ್ದ. ಅವರು ಕೇಳಲಿಲ್ಲ, ಹೇಳಲಿಲ್ಲ. ಲಾಠಿಯಲ್ಲಿ ಬಾರಿಸುತ್ತ ಎಳೆದೊಯ್ದರು. "ಅವನು ನಮ್ಮನ್ನ ಉಳಿಸಿದ್ದು!" ಎಂದು ಅವಳು ಕೂಗಿದ್ದು ಸದ್ದಿನಲ್ಲಿ ಕರಗಿಹೋಯಿತು.

ಬಿಡುಗಡೆಯ ಆದೇಶ ನಿಗದಿಯಾದ ದಿನ ಸರಿಯಾಗಿಯೇ ಅಚ್ಚಾಯಿತು. ಅಷ್ಟರಲ್ಲಿ ಅವನ ಮೇಲೆ ಕೊಲೆ ಮೊಕದ್ದಮೆ ಬಿದ್ದಿತ್ತು. ಸಾಕ್ಷಿಕಟ್ಟೆಯಲ್ಲಿ ಅವಳು ನಡೆದದ್ದನ್ನೆಲ್ಲ ಹೇಳಿದಳು, ತಾನು ತುಳಿದದ್ದನ್ನೂ. ಕೊನೆಯ ಸಲ ಇರಿದಾಗ ಸತ್ತವನು ಅಲುಗಾಡುತ್ತಿದ್ದನೇ ಎಂದು ಸರಕಾರಿ ವಕೀಲ ಕೇಳಿದ.

ಅವಳು ಉಳಿಯ ಕಡೆ ನೋಡಿದಳು. "ಇಲ್ಲ," ಎಂದಳು.

ಆತ್ಮರಕ್ಷಣೆ ಮಿತಿ ಮೀರಿದೆ ಎಂದು ನ್ಯಾಯಾಧೀಶರು ಐದು ವರ್ಷ ಕೊಟ್ಟರು.

"ಹೂಂ ಅಂದಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದು ಮಾವ ಕೋರ್ಟಿನ ಮೆಟ್ಟಿಲ ಮೇಲೇ ಸಿಡಿದ.

"ಆಗ ನಿಂತು ನೋಡ್ದೋಳು ನಾನು ಮಾಮಾ. ಅಲುಗಾಡ್ತಿರ್ಲಿಲ್ಲ."

ಮಾವ ಬಹಳ ದಿನ ಅವಳೊಡನೆ ಮಾತು ಬಿಟ್ಟ. ನಿವೃತ್ತನಾದ ಮೇಲೆ ಪ್ರತಿ ಭೇಟಿಯ ದಿನವೂ ಸೋಪು, ಬಾಳೆಹಣ್ಣು ಹಿಡಿದು ಉಳಿಯನ್ನು ನೋಡಲು ಹೋಗುತ್ತಾನೆ. ಅವಳು ಬಸ್ ನಿಲ್ದಾಣದವರೆಗೆ ಅವನ ಚೀಲ ಹೊತ್ತು ಜೊತೆಗೆ ನಡೆಯುತ್ತಾಳೆ. ಮಾವ ಬೇಡ ಅನ್ನುವುದಿಲ್ಲ.