ಎರಡನೇ ಹಡಗಿನ ತಾರೀಕು

ಸೋಮವಾರ, ಮೇ ಇಪ್ಪತ್ತೊಂಬತ್ತರ ಬೆಳಿಗ್ಗೆ ರಾಮನಗರದ ರೇಷ್ಮೆ ಮಿಲ್ಲಿನ ಲೆಕ್ಕ ಬರೆಯುವ ನಾಗಲಕ್ಷ್ಮಮ್ಮ ಬ್ಯಾಂಕಿನ ಕಾಗದವನ್ನು ಎರಡೆರಡು ಸಲ ಓದಿದಳು. ಜಪಾನಿನಿಂದ ಮಿಲ್ಲಿಗೆ ತರಿಸಿದ ರೇಷ್ಮೆ ಬಿಚ್ಚುವ ಯಂತ್ರದ ಹಣ ಕಟ್ಟಲು ಜೂನ್ ಒಂದು ಕೊನೆಯ ದಿನ ಎಂದಿತ್ತು. ಗೋಡೆಯ ಕ್ಯಾಲೆಂಡರಿನಲ್ಲಿ ಅವಳು ಸುತ್ತು ಹಾಕಿದ್ದು ಜೂನ್ ಹದಿನೆಂಟಕ್ಕೆ.

ಬ್ಯಾಂಕಿನವರೇ ಎಡವಿರಬೇಕೆಂದು ಹಡಗಿನ ಕಾಗದ ತೆಗೆದಳು. ಮಾಲು ಹಡಗು ಹತ್ತಿದ ದಿನದಿಂದ ತೊಂಬತ್ತು ದಿನ, ಅದು ಕರಾರು. ಅದರ ಮೇಲೆ ಎರಡು ಮುದ್ರೆ: ಮಾರ್ಚ್ ಮೂರಕ್ಕೆ ಜಪಾನಿನ ಕೋಬೆ ಬಂದರಿನಲ್ಲಿ ಒಂದು ಹಡಗು, ಇಪ್ಪತ್ತಕ್ಕೆ ಸಿಂಗಪುರದಲ್ಲಿ ಇನ್ನೊಂದು. ಸಾತನೂರಿನ ರೇಷ್ಮೆಗೂಡು ಕನಕಪುರದಲ್ಲಿ ಗಾಡಿ ಬದಲಿಸಿದರೆ ಇವರ ಮಿಲ್ಲಿನಲ್ಲಿ ಬರೆದುಕೊಳ್ಳುವುದು ರಾಮನಗರಕ್ಕೆ ತಂದು ಇಳಿಸಿದ ಗಾಡಿಯನ್ನೇ. ಅದೇ ರೂಢಿಯಲ್ಲಿ ಅವಳು ಯಂತ್ರವನ್ನು ಮದರಾಸಿಗೆ ತಂದು ಇಳಿಸಿದ ಎರಡನೇ ಹಡಗಿನಿಂದ ಎಣಿಸಿದ್ದಳು. ಸಮುದ್ರದ ವ್ಯಾಪಾರಕ್ಕೆ ಮೊದಲ ಹಡಗೇ ಲೆಕ್ಕ. ತನ್ನೂರು ಕೂಟಗಲ್ಲಿನ ಮೊದಲ ಬಿ.ಕಾಂ. ಹುಡುಗಿಯಾದ ಅವಳಿಗೆ ಇದನ್ನು ಯಾರೂ ಹೇಳಿರಲಿಲ್ಲ. ಅವಳೂ ಯಾರನ್ನೂ ಕೇಳಿರಲಿಲ್ಲ, ಬಿಡಿ, ಕೇಳಿದರೆ ಬಿ.ಕಾಂ. ಮರ್ಯಾದೆ ಏನಾಗಬೇಕು!

ಅಷ್ಟರಲ್ಲಿ ಮಿಲ್ಲಿನ ಯಜಮಾನರಾದ ಅಪ್ಪಾಜಿ ಹಣದ ಚೀಲ ಹಿಡಿದು ಬಂದರು.

“ಲಕ್ಷ್ಮವ್ವ, ಗೂಡಿನ ರೇಟು ನೆಲ ಕಚ್ಚೈತೆ. ಯಂತ್ರಕ್ಕೆ ಮಡಗಿರೋ ದುಡ್ಡಲ್ಲಿ ಈಗ್ಲೇ ಗೂಡು ಕೊಂಡಾಕ್ಬುಡ್ತೀನಿ. ಹತ್ತು ದಿನದಾಗೆ ರೇಷ್ಮೆ ತೆಗ್ದು ಮಾರುದ್ರೆ ದುಡ್ಡು ವಾಪಸ್ ಬತ್ತದೆ. ಹದ್ನೆಂಟರ್ಗಂಟ ಟೈಮ್ ಐತಲ್ವಾ?”

‘ಇಲ್ಲ’ ಎನ್ನುವ ಒಂದು ಮಾತು ಸಾಕಿತ್ತು. ಆದರೆ ಊರೆಲ್ಲ ‘ನಮ್ ಹುಡುಗಿ ಲೆಕ್ಕ ಅಂದ್ರೆ ಲೆಕ್ಕ’ ಎಂದು ಹೊಗಳಿಕೊಂಡು ತಿರುಗುವ ಮನುಷ್ಯ ಎದುರಿಗೆ ನಿಂತಿದ್ದರು. ಅವಳಿಗೆ ನಾಚಿಕೆಯಾಯಿತು, ನಾಚಿಕೆಗಿಂತ ಹೆಚ್ಚು ಭಯವಾಯಿತು.

“ಐತೆ ಅಣ್ಣ,” ಎಂದಳು.

ಸಂಜೆ ಹೇಳೋಣವೆಂದುಕೊಂಡಳು. ಸಂಜೆಗೆ ಗೂಡು ಬಂದು ದಾಸ್ತಾನು ಕೋಣೆ ತುಂಬಿತ್ತು. ಮಂಗಳವಾರ ಬಾಯಿ ತೆರೆದವಳು ಕಾಫಿ ಬೇಕೇ ಎಂದು ಕೇಳಿದಳು. ಗುರುವಾರ, ಜೂನ್ ಒಂದು, ಏನೂ ಆಗಲಿಲ್ಲ. ಬ್ಯಾಂಕಿನಿಂದ ಫೋನ್ ಕೂಡ ಬಾರದಿದ್ದದ್ದೇ ಅವಳ ಜೀವ ಹಿಂಡಿತು. ಶುಕ್ರವಾರವೂ ಹಾಗೆಯೇ ಕಳೆಯಿತು.

ಶನಿವಾರ ಬ್ಯಾಂಕಿನ ಅಧಿಕಾರಿ ಬೀಗ ತಂದರು. ಗಡುವು ತಪ್ಪಿದರೆ ದಾಸ್ತಾನು ಕೋಣೆ ಬ್ಯಾಂಕಿನ ವಶ ಎಂದು ಒತ್ತೆಯ ಪತ್ರದಲ್ಲಿತ್ತು. ಒಳಗಿದ್ದ ಅರ್ಧದಷ್ಟು ಗೂಡಿಗೆ ಹುಳು ಸಾಯಿಸುವ ಹಬೆಯನ್ನು ಇನ್ನೂ ಕೊಟ್ಟಿರಲಿಲ್ಲ, ಹುಳುಗಳು ಜೀವಂತವಾಗಿದ್ದವು.

ಅಪ್ಪಾಜಿ ಬಾಗಿಲಿಗೆ ಅಡ್ಡ ನಿಂತರು. “ಬ್ಯಾಡಿ ಸ್ವಾಮಿ. ಇನ್ನೆರಡು ದಿನಕ್ಕೆ ಚಿಟ್ಟೆ ಗೂಡು ಕೊರ್ಕಂಡು ಈಚೆಗೆ ಬತ್ತವೆ. ಎಳೆ ತುಂಡಾದ್ರೆ ನಾನು ಬೀದಿಗೆ ಬಿದ್ದಂಗೇಯ.”

“ನಿಮಗೆ ಮೊದಲೇ ಕಾಗದ ಕಳಿಸಿದ್ದೆವಲ್ಲ?”

“ಯಾವ ಕಾಗ್ದ? ಹದ್ನೆಂಟು ಅಂತ ನಮ್ ಲಕ್ಷ್ಮವ್ವ ಎಣ್ಸವ್ಳೆ. ಅವ್ಳು ತಪ್ಪಾಕಿಲ್ಲ, ನೀವೇ ಎಲ್ಲೋ ತಪ್ಪಿದ್ದೀರಿ. ಹೇಳವ್ವ ಇವ್ರಿಗೆ, ಯಾಕ್ ಹೆದ್ರುತೀಯ? ನಾನಿಲ್ವಾ?”

ಆ ಮಾತಿಗೆ ಅವಳ ಕಣ್ಣು ತುಂಬಿತು.

“ಕಾಗ್ದ ಬಂದಿತ್ತಣ್ಣ.”

“ಯಾವಾಗ?”

“ಸೋಮ್ವಾರ. ನೀವು ದುಡ್ಡು ತಗೊಂಡು ಹೋಗೋಕೆ ಮುಂಚೆ.”

ಅಪ್ಪಾಜಿ ಅವಳನ್ನು ಬೈಯಲಿಲ್ಲ. ಬಾಗಿಲು ಬಿಟ್ಟು ಪಕ್ಕಕ್ಕೆ ಸರಿದರು.

“ಬೀಗ ಹಾಕಿ ಸ್ವಾಮಿ,” ಎಂದರು.